ಪರಿಸರ ಪರಿಣಾಮ ಮೌಲ್ಯಮಾಪನ: ಮೊದಲ ಸಲ ಕೈಹಾಕುವವರಿಗೆ

ಅಣೆಕಟ್ಟು, ಹೆದ್ದಾರಿ, ಗಣಿ, ಕಾರ್ಖಾನೆ, ಬಡಾವಣೆ ಯಾವುದೇ ಇರಲಿ, ನೆಲಕ್ಕೆ ಗುದ್ದಲಿ ಬೀಳುವ ಮುಂಚೆಯೇ ಅದರಿಂದ ನೀರಿಗೆ, ಗಾಳಿಗೆ, ಮಣ್ಣಿಗೆ, ಅಲ್ಲಿನ ಜೀವಗಳಿಗೆ, ಅಕ್ಕಪಕ್ಕದ ಜನರಿಗೆ ಏನಾಗಬಹುದು ಎಂದು ಲೆಕ್ಕ ಹಾಕಿ, ನಿರ್ಧಾರ ಕೈಗೊಳ್ಳುವವರ ಮುಂದಿಡುವ ಕೆಲಸಕ್ಕೆ ಪರಿಸರ ಪರಿಣಾಮ ಮೌಲ್ಯಮಾಪನ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ಇಐಎ. ಈ ವಿವರಣೆಯಲ್ಲಿ ತೂಕವಿರುವ ಪದ ‘ಮುಂಚೆ’. ಜಾಗ ಕೊಂಡು, ಯಂತ್ರಕ್ಕೆ ಮುಂಗಡ ಕೊಟ್ಟು, ಬೇಲಿ ಹಾಕಿದ ಮೇಲೆ ಮಾಡುವ ಅಧ್ಯಯನ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಈ ಪದ್ಧತಿ ಕಾನೂನಿನ ರೂಪ ಪಡೆದದ್ದು ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಿಂದ. ಅದಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 1970ರ ಜನವರಿ 1ರಂದು. 1985ರಲ್ಲಿ ಯುರೋಪಿನ ದೇಶಗಳು ಒಟ್ಟಾಗಿ ಇಂಥದೇ ನಿಯಮ ತಂದುಕೊಂಡವು. 1991ರ ಎಸ್ಪೂ ಒಪ್ಪಂದ, ಒಂದು ದೇಶದ ಯೋಜನೆ ಗಡಿಯಾಚೆಗೆ ಹಾನಿ ಮಾಡುವಂತಿದ್ದರೆ ನೆರೆ ದೇಶಕ್ಕೂ ತಿಳಿಸಬೇಕು ಎಂದಿತು. 1992ರ ರಿಯೋ ಘೋಷಣೆಯ 17ನೇ ತತ್ವ ಪರಿಸರ ಪರಿಣಾಮ ಮೌಲ್ಯಮಾಪನದ್ದೇ. ಉರುಗ್ವೆ ನದಿಯ ದಡದ ಕಾಗದದ ತಿರುಳಿನ ಕಾರ್ಖಾನೆಗಳ ಬಗ್ಗೆ ಅರ್ಜೆಂಟೀನಾ ಹೂಡಿದ್ದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ ಕೊಟ್ಟ ತೀರ್ಪು, ಗಡಿಯಾಚೆ ಗಂಭೀರ ಹಾನಿಯ ಸಂಭವವಿದ್ದಾಗ ಇಂಥ ಮೌಲ್ಯಮಾಪನ ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರವೇ ಕಡ್ಡಾಯವೆನ್ನಬಹುದು ಎಂದಿತು. ಮಿತಿ, ನಮೂನೆ, ಗಡುವುಗಳು ದೇಶದಿಂದ ದೇಶಕ್ಕೆ ಬೇರೆ. ಕೆಲಸದ ತಿರುಳು ಮಾತ್ರ ಎಲ್ಲ ಕಡೆ ಒಂದೇ, ಇಲ್ಲಿ ಹೇಳಹೊರಟಿರುವುದೂ ಅದನ್ನೇ.

ಶುರುವಿನಲ್ಲೇ ಒಂದು ಅಳತೆಗೋಲು ಕೈಯಲ್ಲಿರಲಿ. ವರದಿಯಲ್ಲಿ ನೀವು ಬರೆಯುವ ಪ್ರತಿಯೊಂದು ಮುನ್ನಂದಾಜನ್ನೂ ನಾಳೆ ಯಾರಾದರೂ ಸ್ಥಳಕ್ಕೆ ಹೋಗಿ ಅಳೆದು ‘ಇದು ಸರಿ’ ಅಥವಾ ‘ಇದು ತಪ್ಪು’ ಎನ್ನುವಂತಿರಬೇಕು. ‘ನೀರಿನ ಗುಣಮಟ್ಟದ ಮೇಲೆ ಅಲ್ಪ ಪರಿಣಾಮ’ ಎಂಬ ಸಾಲನ್ನು ಯಾರೂ ತಪ್ಪೆಂದು ತೋರಿಸಲಾರರು, ಹಾಗಾಗಿ ಅದು ಯಾರಿಗೂ ಉಪಯೋಗಕ್ಕಿಲ್ಲ. ಏನು, ಎಷ್ಟು, ಎಲ್ಲಿ, ಯಾವಾಗ, ಎಷ್ಟು ಕಾಲ ಎಂಬ ಐದಕ್ಕೂ ಉತ್ತರವಿದ್ದರಷ್ಟೇ ಅದು ಮುನ್ನಂದಾಜು.

ಯೋಜನೆ ಅಂದರೆ ಎಷ್ಟು?

ಮೊದಲ ಹೆಜ್ಜೆ ಸ್ಕ್ರೀನಿಂಗ್, ಅಂದರೆ ಈ ಯೋಜನೆಗೆ ಪೂರ್ಣ ಅಧ್ಯಯನ ಬೇಕೇ ಎಂದು ಜರಡಿ ಹಿಡಿಯುವುದು. ಹೆಚ್ಚಿನ ಕಡೆ ಮೂರು ಸಂಗತಿ ನೋಡುತ್ತಾರೆ: ಯೋಜನೆಯ ಬಗೆ, ಗಾತ್ರ, ಜಾಗದ ಸೂಕ್ಷ್ಮತೆ. ಮೂರನೆಯದನ್ನು ಮರೆಯುವವರು ಬಹಳ. ಬಯಲಿನಲ್ಲಿ ನಿರಪಾಯವಾದ 2 ಹೆಕ್ಟೇರಿನ ಕಾಮಗಾರಿ ಜೌಗುಭೂಮಿಯ ನೀರಿನ ಬಾಯಲ್ಲಿ ಬಂದರೆ ಇಡೀ ಜೌಗನ್ನೇ ಒಣಗಿಸಬಹುದು.

ಇಲ್ಲಿ ಪದೇ ಪದೇ ಕಾಣುವ ಚಾಳಿ ಯೋಜನೆಯನ್ನು ತುಂಡು ಮಾಡುವುದು. 50 ಹೆಕ್ಟೇರಿಗೆ ಅಧ್ಯಯನ ಕಡ್ಡಾಯ ಎಂದಿದ್ದರೆ 49 ಹೆಕ್ಟೇರಿನ ಎರಡು ಅರ್ಜಿಗಳು ಬರುತ್ತವೆ. ಇದನ್ನು ತಡೆಯಲು ಒಂದೇ ಪ್ರಶ್ನೆ ಸಾಕು: ಇದೊಂದೇ ತುಂಡು ಕಟ್ಟಿದರೆ ಅದು ತನ್ನಷ್ಟಕ್ಕೆ ನಡೆಯುತ್ತದೆಯೇ? ಇಲ್ಲ ಎಂದಾದರೆ ಉಳಿದ ತುಂಡುಗಳೂ ಅದೇ ಯೋಜನೆ. ಕೂಡು ರಸ್ತೆ, ವಿದ್ಯುತ್ ಮಾರ್ಗ, ನೀರಿನ ಪೈಪು, ಮಣ್ಣು ತೆಗೆಯುವ ಗುಂಡಿ, ಮಣ್ಣು ಸುರಿಯುವ ಜಾಗ, ಕಾರ್ಮಿಕರ ಶೆಡ್ಡು ಇವನ್ನೆಲ್ಲ ಮೊದಲ ದಿನವೇ ಒಂದು ನಕ್ಷೆಯಲ್ಲಿ ಗುರುತಿಸಿ. ಮುಖ್ಯ ಕಟ್ಟಡಕ್ಕಿಂತ ಕೂಡು ರಸ್ತೆಯೇ ಹೆಚ್ಚು ಕಾಡು ನುಂಗಿದ ಪ್ರಕರಣಗಳು ಅಪರೂಪವಲ್ಲ.

ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು

ಸ್ಕೋಪಿಂಗ್ ಎಂಬ ಈ ಹಂತಕ್ಕೆ ಎರಡು ವಾರ ಹೆಚ್ಚು ಕೊಟ್ಟರೆ ಮುಂದೆ ಆರು ತಿಂಗಳು ಉಳಿಯುತ್ತದೆ. ಪರಿಣಾಮ ಉಂಟಾಗಲು ಮೂರು ಕೊಂಡಿ ಬೇಕು: ಮೂಲ, ದಾರಿ, ಪೆಟ್ಟು ತಿನ್ನುವವರು. ಕೊಳಚೆ ನೀರು ಮೂಲ, ಹಳ್ಳ ದಾರಿ, ಕೆಳಗಿನ ಮೀನು ಮತ್ತು ಕುಡಿಯುವ ನೀರಿನ ಬಾವಿ ಪೆಟ್ಟು ತಿನ್ನುವವು. ಮೂರರಲ್ಲಿ ಒಂದು ಕೊಂಡಿ ಇಲ್ಲದಿದ್ದರೆ ಆ ವಿಷಯವನ್ನು ಕಾರಣ ಬರೆದು ಕೈಬಿಡಿ. ಹೀಗೆ ಸೋಸಿದಾಗ ಕೊನೆಗೆ ಆರೆಂಟು ವಿಷಯ ಉಳಿಯುತ್ತವೆ. ನಲವತ್ತು ವಿಷಯಗಳನ್ನು ಎರಡೆರಡು ಪುಟದಲ್ಲಿ ಮುಗಿಸಿದ ವರದಿಗಿಂತ ಏಳು ವಿಷಯಗಳನ್ನು ಬೇರುಮಟ್ಟ ನೋಡಿದ ವರದಿ ಎಷ್ಟೋ ಪಾಲು ಮೇಲು.

ಅಧ್ಯಯನದ ಎಲ್ಲೆಯನ್ನು ಕೈವಾರ ಇಟ್ಟು ವೃತ್ತ ಎಳೆದಂತೆ ಹಾಕಬೇಡಿ. ನೀರು ವೃತ್ತದಲ್ಲಿ ಹರಿಯುವುದಿಲ್ಲ. ನೀರಿಗೆ ಜಲಾನಯನ, ಗಾಳಿಗೆ ಗಾಳಿ ಬೀಸುವ ದಿಕ್ಕು, ಪ್ರಾಣಿಗಳಿಗೆ ಅವುಗಳ ಓಡಾಟದ ಹರವು, ಲಾರಿಗಳಿಗೆ ಅವು ಹೆದ್ದಾರಿ ಸೇರುವವರೆಗಿನ ರಸ್ತೆ. ಪ್ರತಿ ವಿಷಯಕ್ಕೂ ಅದರದೇ ಎಲ್ಲೆ.

ಸ್ಥಳೀಯರೊಂದಿಗೆ ಮಾತು ಇಲ್ಲಿಂದಲೇ ಶುರುವಾಗಬೇಕು. ಹಳ್ಳ ಯಾವ ವರ್ಷ ಬತ್ತಿತು, ಮೀನು ಯಾವ ಮಡುವಿನಲ್ಲಿ ಮೊಟ್ಟೆ ಇಡುತ್ತದೆ, ಮಳೆ ಜೋರಾದಾಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಮೀನು ಹಿಡಿಯುವವರಿಗೆ, ದನ ಮೇಯಿಸುವವರಿಗೆ ಗೊತ್ತಿರುತ್ತದೆ, ಉಪಗ್ರಹ ಚಿತ್ರದಲ್ಲಿ ಸಿಗುವುದಿಲ್ಲ. ಅವರ ಮಾತನ್ನು ಕೇಳಿದ ದಿನಾಂಕ, ಜಾಗದ ಸಮೇತ ದಾಖಲಿಸಿ, ಮಾಹಿತಿಯ ಸಾಲಿನಲ್ಲೇ ಇಡಿ.

ಪರ್ಯಾಯಗಳನ್ನೂ ಈ ಹಂತದಲ್ಲೇ ಕಟ್ಟಬೇಕು: ಬೇರೆ ಜಾಗ, ಬೇರೆ ತಂತ್ರ, ಚಿಕ್ಕ ಗಾತ್ರ, ಮತ್ತು ಏನನ್ನೂ ಕಟ್ಟದೇ ಇರುವುದು. ಕೊನೆಯದನ್ನು ಶೂನ್ಯ ಪರ್ಯಾಯ ಎನ್ನುತ್ತಾರೆ. ಅಂದರೆ ಜಾಗ ಇಂದಿರುವಂತೆಯೇ ಉಳಿಯುತ್ತದೆ ಎಂದಲ್ಲ. ಯೋಜನೆ ಬರದಿದ್ದರೂ ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಬದಲಾವಣೆ ಆಗಿಯೇ ಆಗುತ್ತದೆ, ಆ ಬದಲಾವಣೆಯ ಪಕ್ಕದಲ್ಲಿ ಯೋಜನೆಯನ್ನು ಇಟ್ಟು ನೋಡಬೇಕು. ಬೇಕಾದ ಪರ್ಯಾಯ ಗೆಲ್ಲಲೆಂದು ಎರಡು ಮೂರ್ಖ ಪರ್ಯಾಯಗಳನ್ನು ಪಕ್ಕದಲ್ಲಿ ನಿಲ್ಲಿಸುವುದು ಓದುಗರಿಗೆ ಮಾಡುವ ಮೋಸ.

ಈಗಿನ ಸ್ಥಿತಿಯನ್ನು ದಾಖಲಿಸುವುದು

ಬೇಸ್‌ಲೈನ್ ಎಂದರೆ ಯೋಜನೆಗೆ ಮುನ್ನಿನ ಸ್ಥಿತಿ. ಇಲ್ಲಿ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಕನಿಷ್ಠ ಒಂದು ಪೂರ್ಣ ವರ್ಷದ ಮಾಹಿತಿ ಇರಲಿ. ಒಂದೇ ಋತುವಿನಲ್ಲಿ ಅಳೆದರೆ, ಅದೂ ಮಳೆಗಾಲದಲ್ಲಿ, ದೂಳು ಕಡಿಮೆ, ನದಿ ತುಂಬಿ ಹರಿಯುತ್ತಿರುತ್ತದೆ, ವಲಸೆ ಹಕ್ಕಿಗಳು ಇರುವುದೇ ಇಲ್ಲ. ಎಲ್ಲವೂ ಯೋಜನೆಗೆ ಅನುಕೂಲವಾಗಿಯೇ ಕಾಣುತ್ತದೆ.

ನೀರಿನ ಸ್ಯಾಂಪಲ್ ತೆಗೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಕೆಡುವುದು ಇಂಥಲ್ಲೇ. ಕೊಳಚೆ ಬಿಡಲಿರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಕನಿಷ್ಠ ಎರಡು ಕಡೆ ಬಿಂದು ಗುರುತಿಸಿ. ಮೇಲಿನದು ಹೋಲಿಕೆಗೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಲ್ಲೇ ಅಳೆಯಿರಿ, ಬಾಟಲಿಯಲ್ಲಿ ತುಂಬಿ ಒಯ್ದರೆ ದಾರಿಯಲ್ಲೇ ಬದಲಾಗುತ್ತದೆ. ಸಾಧ್ಯವಾದರೆ ಬೆಳಗಿನ ಜಾವ ಅಳೆಯಿರಿ: ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿಯಿಡೀ ಹೀರುತ್ತದೆ, ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಮಟ್ಟ ತೀರ ಕೆಳಗಿರುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ಮಧ್ಯಾಹ್ನದ ಅಳತೆ ಅದನ್ನು ಎಂದಿಗೂ ತೋರಿಸದು. ಬಿಒಡಿ, ಅಂದರೆ ನೀರಿನ ಸಾವಯವ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಇದರ ಸ್ಯಾಂಪಲನ್ನು ಕತ್ತಲಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಹಚ್ಚಬೇಕು. ಪರೀಕ್ಷೆ ನಡೆಯುವುದು 20 ಡಿಗ್ರಿಯಲ್ಲಿ 5 ದಿನ. ಲೋಹಗಳಿಗಾದರೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ, 2ಕ್ಕಿಂತ ಕೆಳಗೆ ಇಳಿಸಬೇಕು. ಕರಗಿದ ಲೋಹ ಎಷ್ಟೆಂದು ತಿಳಿಯಬೇಕಿದ್ದರೆ ಮೊದಲು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಆಮೇಲೆ ಆಮ್ಲ. ಈ ಕ್ರಮ ತಿರುಗುಮುರುಗಾದರೆ ಕೆಸರಿನ ಕಣದಲ್ಲಿದ್ದ ಲೋಹವೂ ಕರಗಿ ಲೆಕ್ಕಕ್ಕೆ ಸೇರುತ್ತದೆ. ಈಗಿನ ನೀರೇ ಕೆಟ್ಟಿದೆ ಎಂಬ ಚಿತ್ರ ಬರುತ್ತದೆ, ಕಾರ್ಖಾನೆಯ ಪಾಲು ಅದರ ಮುಂದೆ ಚಿಕ್ಕದಾಗಿ ಕಾಣುತ್ತದೆ. ಒಂದು ಸಣ್ಣ ಅಜಾಗರೂಕತೆ ವರದಿಯ ತೀರ್ಮಾನವನ್ನೇ ತಲೆಕೆಳಗು ಮಾಡುವುದು ಹೀಗೆ.

ಶಬ್ದಕ್ಕೆ ಹಗಲು ರಾತ್ರಿ ಎರಡನ್ನೂ, ವಾರದ ರಜೆಯ ದಿನವನ್ನೂ ಸೇರಿಸಿ ಅಳೆಯಿರಿ. ಸರಾಸರಿ ಜೊತೆಗೆ ಹಿನ್ನೆಲೆ ಶಬ್ದ, ಅಂದರೆ ಅಳತೆಯ ಅವಧಿಯ 90 ಪ್ರತಿಶತ ಕಾಲ ಮೀರಿರುವ ಮಟ್ಟವನ್ನೂ ಬರೆದುಕೊಳ್ಳಿ. ಗಾಳಿಯ ಲೆಕ್ಕಕ್ಕೆ ಒಂದು ವರ್ಷದ ಗಂಟೆಗಂಟೆಯ ಗಾಳಿಯ ವೇಗ, ದಿಕ್ಕು ಬೇಕು. ಹೊಗೆ ಮೇಲೇರದೆ ನೆಲಕ್ಕೆ ಒತ್ತಿಕೊಳ್ಳುವ ನಿಶ್ಚಲ ರಾತ್ರಿಗಳು ಎಷ್ಟು ಎಂಬುದು ಅದರಲ್ಲೇ ಗೊತ್ತಾಗುವುದು.

ಜೀವವೈವಿಧ್ಯದ ಸಮೀಕ್ಷೆಯಲ್ಲಿ ‘ಕಾಣಲಿಲ್ಲ’ ಎಂಬುದು ‘ಇಲ್ಲ’ ಎಂದಾಗಿಬಿಡುವ ಅಪಾಯವಿದೆ. ಹಗಲು ಎರಡು ದಿನ ನಡೆದು ಬಂದವರಿಗೆ ಕಪ್ಪೆ, ಬಾವಲಿ, ಪುನುಗು ಸಿಗುವುದಿಲ್ಲ. ಎಷ್ಟು ಜನ, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಹುಡುಕಿದರು ಎಂದು ದಾಖಲಿಸಿ. ಹುಡುಕಿದ ದಿನಗಳನ್ನು ಅಡ್ಡಕ್ಕೆ, ಒಟ್ಟು ಕಂಡ ಪ್ರಭೇದಗಳನ್ನು ಉದ್ದಕ್ಕೆ ಇಟ್ಟು ಗೆರೆ ಎಳೆಯಿರಿ. ಗೆರೆ ಇನ್ನೂ ಏರುತ್ತಲೇ ಇದ್ದರೆ ಹುಡುಕಾಟ ಮುಗಿದಿಲ್ಲ ಎಂದರ್ಥ.

ಲೆಕ್ಕ

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. 10 ಹೆಕ್ಟೇರ್ ಹುಲ್ಲುಗಾವಲಿನಲ್ಲಿ ಆಹಾರ ಸಂಸ್ಕರಣಾ ಕಾರ್ಖಾನೆ ಬರಲಿದೆ, ಪಕ್ಕದಲ್ಲೊಂದು ಹಳ್ಳ ಹರಿಯುತ್ತದೆ. ಅಂಕಿಗಳೆಲ್ಲ ವಿವರಣೆಗಾಗಿ ಇಟ್ಟುಕೊಂಡವು. ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಮಳೆ ನೀರು. ಸಣ್ಣ ಪ್ರದೇಶಗಳಿಗೆ ಬಳಸುವ ಸರಳ ಸೂತ್ರ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲು), ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ರಭಸ, ಹೆಕ್ಟೇರಿನಲ್ಲಿ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆ. ಹುಲ್ಲು ನೆಲಕ್ಕೆ ಗುಣಾಂಕ 0.25, ಚಾವಣಿ ಮತ್ತು ಕಾಂಕ್ರೀಟು ತುಂಬಿದ ನೆಲಕ್ಕೆ 0.75, ಮಳೆ ಗಂಟೆಗೆ 60 ಮಿ.ಮೀ. ಎಂದುಕೊಳ್ಳಿ. ಈಗ ಹರಿಯುವುದು ಸೆಕೆಂಡಿಗೆ 0.42 ಘನ ಮೀಟರ್, ಆಮೇಲೆ 1.25. ಮೂರು ಪಟ್ಟು. ಈ ಹೆಚ್ಚುವರಿ ನೀರನ್ನು ಅರ್ಧ ಗಂಟೆ ಹಿಡಿದಿಡಲು ಸುಮಾರು 1,500 ಘನ ಮೀಟರಿನ ಕೊಳ ಬೇಕು, ಅದಕ್ಕೆ ನಕ್ಷೆಯಲ್ಲಿ ಈಗಲೇ ಜಾಗ ಬಿಡಬೇಕು. ಇನ್ನೊಂದು ಸೂಕ್ಷ್ಮ: ಕಾಂಕ್ರೀಟಿನ ಮೇಲೆ ನೀರು ಬೇಗ ಬಂದು ಸೇರುತ್ತದೆ, ಆದ್ದರಿಂದ ಕಟ್ಟಿದ ಮೇಲಿನ ಲೆಕ್ಕಕ್ಕೆ ಇನ್ನೂ ಕಡಿಮೆ ಅವಧಿಯ, ಹೆಚ್ಚು ರಭಸದ ಮಳೆಯನ್ನು ಹಿಡಿಯಬೇಕು. ಎರಡೂ ಸ್ಥಿತಿಗೆ ಒಂದೇ ರಭಸ ಹಾಕಿದರೆ, ಮೇಲೆ ಸರಳತೆಗಾಗಿ ಮಾಡಿದಂತೆ, ಸಿಗುವ ಉತ್ತರ ನಿಜಕ್ಕಿಂತ ಕಡಿಮೆಯೇ.

ಇನ್ನು ಹಳ್ಳಕ್ಕೆ ಬಿಡುವ ನೀರು. ಕಾರ್ಖಾನೆ ಶುದ್ಧೀಕರಿಸಿ ಸೆಕೆಂಡಿಗೆ 20 ಲೀಟರ್ ಬಿಡುತ್ತದೆ, ಅದರ ಬಿಒಡಿ ಲೀಟರಿಗೆ 30 ಮಿ.ಗ್ರಾಂ. ಹಳ್ಳದ ವಾರ್ಷಿಕ ಸರಾಸರಿ ಹರಿವು 500 ಲೀಟರ್, ಬಿಒಡಿ 2. ಬೆರೆತ ಮೇಲೆ: 500ನ್ನು 2ರಿಂದ ಗುಣಿಸಿ 1,000, 20ನ್ನು 30ರಿಂದ ಗುಣಿಸಿ 600, ಒಟ್ಟು 1,600ನ್ನು 520ರಿಂದ ಭಾಗಿಸಿದರೆ 3.1. ‘ಪರಿಣಾಮ ನಗಣ್ಯ’ ಎಂದು ಬರೆಯಲು ಎಷ್ಟು ಸಲೀಸು! ಆದರೆ ಬೇಸಿಗೆಯ ಕೊನೆಗೆ ಅದೇ ಹಳ್ಳದಲ್ಲಿ 40 ಲೀಟರ್ ಮಾತ್ರ ಹರಿಯುತ್ತದೆ. 80 ಮತ್ತು 600 ಸೇರಿ 680, ಭಾಗಿಸು 60. ಉತ್ತರ 11.3. ಆ ಹೊತ್ತಿಗೆ 25 ಡಿಗ್ರಿ ಬಿಸಿಯಿರುವ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕವೇ ಲೀಟರಿಗೆ ಸುಮಾರು 8 ಮಿ.ಗ್ರಾಂ. ಶುದ್ಧೀಕರಣ ಘಟಕಕ್ಕೆ ಒಂದು ದಿನ ವಿದ್ಯುತ್ ಹೋಯಿತು, ಬಿಒಡಿ 1,000 ಇರುವ ಕಚ್ಚಾ ನೀರು ಹೊರಟಿತು ಎಂದುಕೊಳ್ಳಿ: 335. ಹಳ್ಳ ಆ ದಿನವೇ ಸತ್ತಂತೆ. ಹಾಗಾಗಿ ಲೆಕ್ಕ ಮೂರು ಸಲ ಆಗಬೇಕು: ಸರಾಸರಿಗೆ, ಅತಿ ಕಡಿಮೆ ಹರಿವಿಗೆ, ಘಟಕ ಕೆಟ್ಟ ದಿನಕ್ಕೆ. ಅತಿ ಕಡಿಮೆ ಹರಿವಿಗೆ ಹತ್ತು ವರ್ಷಕ್ಕೊಮ್ಮೆ ಬರುವ ಏಳು ದಿನಗಳ ಕನಿಷ್ಠ ಸರಾಸರಿಯನ್ನು ಹಿಡಿಯುವುದು ಎಷ್ಟೋ ಕಡೆ ರೂಢಿ.

ಆಮ್ಲಜನಕ ಅತಿ ಕೆಳಗೆ ಇಳಿಯುವುದು ಕೊಳಚೆ ಬೀಳುವ ಬಾಯಲ್ಲಲ್ಲ, ಹರಿವಿನೊಂದಿಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಾಗಿದ ಮೇಲೆ. ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಓಹಾಯೋ ನದಿಗಾಗಿ ಕೊಟ್ಟ ಸಮೀಕರಣ ಈ ಕುಸಿತದ ಜಾಗವನ್ನು ಲೆಕ್ಕ ಹಾಕಲು ಇಂದಿಗೂ ಬಳಕೆಯಲ್ಲಿದೆ. ಕೆಳಗಿನ ಸ್ಯಾಂಪಲ್ ಬಿಂದುವನ್ನು ಕಾರ್ಖಾನೆಯ ಗೋಡೆಯ ಬುಡದಲ್ಲೇ ಇಟ್ಟವರಿಗೆ ಈ ಕುಸಿತ ಕಾಣುವುದೇ ಇಲ್ಲ.

ಲಾರಿಗಳು. ನೆಲ ಸಮ ಮಾಡಲು 60,000 ಘನ ಮೀಟರ್ ಮಣ್ಣು ಹೊರಗೆ ಹೋಗಬೇಕು. ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ. 25 ಪ್ರತಿಶತ ಉಬ್ಬಿದರೆ 75,000. ಲಾರಿಗೆ 10 ಘನ ಮೀಟರಿನಂತೆ 7,500 ಲೋಡು. ಹೋಗಿ ಬರುವುದು ಸೇರಿ 15,000 ಓಡಾಟ, 150 ದಿನಕ್ಕೆ ಹಂಚಿದರೆ ದಿನಕ್ಕೆ 100, ಹತ್ತು ಗಂಟೆಯ ಕೆಲಸದಲ್ಲಿ ಆರು ನಿಮಿಷಕ್ಕೊಂದು ಲಾರಿ. ಉಬ್ಬುವುದನ್ನು ಮರೆತು, ಖಾಲಿ ಬರುವ ಲಾರಿಯನ್ನೂ ಬಿಟ್ಟವರ ವರದಿಯಲ್ಲಿ ಇದೇ ಕೆಲಸ ದಿನಕ್ಕೆ 40 ಎಂದು ಬರುತ್ತದೆ. ರಸ್ತೆ ಬದಿಯ ಶಾಲೆಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಶಬ್ದ. ಒಂದೇ ಜಾಗದಲ್ಲಿ ನಿಂತ ಯಂತ್ರದ ಶಬ್ದ ದೂರ ಎರಡರಷ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಲ್ಲಿ 85 ಇದ್ದದ್ದು 20ರಲ್ಲಿ 79, 40ರಲ್ಲಿ 73, 80ರಲ್ಲಿ 67, 160 ಮೀಟರಿನ ಮನೆಯ ಬಳಿ 61. ವಾಹನ ಹರಿಯುವ ರಸ್ತೆಯಾದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಡೆಸಿಬೆಲ್‌ಗಳನ್ನು ನೇರವಾಗಿ ಕೂಡಬಾರದು: 60 ಮತ್ತು 60 ಸೇರಿದರೆ 63. ಆ ಮನೆಯ ರಾತ್ರಿಯ ಹಿನ್ನೆಲೆ ಶಬ್ದ 38 ಇದ್ದರೆ 61 ಎಂಬುದು ಅಲ್ಲಿ ನಿದ್ದೆಗೆಡಿಸುವ ಗದ್ದಲ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಇಡೀ ದಿನದ ಸರಾಸರಿಯೊಳಗೆ ರಾತ್ರಿಯ ಜನರೇಟರನ್ನು ಮುಚ್ಚಿಡಬೇಡಿ.

ಕೊನೆಯದಾಗಿ, ಹನಿ ಹನಿಗೂಡಿದರೆ ಹಳ್ಳ ಎಂಬುದು ಇಲ್ಲಿ ಅಕ್ಷರಶಃ ನಿಜ. ಅದೇ ಹಳ್ಳಕ್ಕೆ ಮೇಲಿನ ಎರಡು ಕಾರ್ಖಾನೆ ಆಗಲೇ ನೀರು ಬಿಡುತ್ತಿದ್ದು, ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿದ್ದರೆ ನಾಲ್ಕನ್ನೂ ಕೂಡಿಸಿಯೇ ಲೆಕ್ಕ ಹಾಕಿ. ಒಂದೊಂದೂ ಮಿತಿಯೊಳಗಿದ್ದು, ನಾಲ್ಕೂ ಸೇರಿ ಹಳ್ಳವನ್ನು ಕೊಲ್ಲುವುದು ಸಾಮಾನ್ಯ.

ಎಷ್ಟು ಗಂಭೀರ ಎಂಬ ತೀರ್ಮಾನ

ಅಂಕಿ ಸಿಕ್ಕಿತು, ಅದು ದೊಡ್ಡದೋ ಚಿಕ್ಕದೋ? ಪ್ರಮಾಣ, ಹರವು, ಅವಧಿ, ಮತ್ತೆ ಮೊದಲಿನಂತಾಗುವ ಸಾಧ್ಯತೆ, ಸಂಭವ, ಪೆಟ್ಟು ತಿನ್ನುವವರ ಸೂಕ್ಷ್ಮತೆ, ಇವನ್ನೆಲ್ಲ ತೂಗಬೇಕು. 1971ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಲೂನಾ ಲಿಯೋಪೋಲ್ಡ್ ಮತ್ತು ಸಂಗಡಿಗರು ಇದಕ್ಕೊಂದು ಚೌಕಪಟ್ಟಿ ಕೊಟ್ಟರು. ಯೋಜನೆಯ 100 ಚಟುವಟಿಕೆ ಒಂದು ಕಡೆ, ಪರಿಸರದ 88 ಅಂಶ ಇನ್ನೊಂದು ಕಡೆ, ಒಟ್ಟು 8,800 ಮನೆ. ಸಂಬಂಧವಿದ್ದ ಮನೆಗಳಲ್ಲಿ ಪ್ರಮಾಣಕ್ಕೆ, ಮಹತ್ವಕ್ಕೆ 1ರಿಂದ 10ರವರೆಗೆ ಒಂದೊಂದು ಅಂಕ. ಯಾವುದೂ ಕಣ್ತಪ್ಪದಂತೆ ನೋಡಿಕೊಳ್ಳಲು ಇಂದಿಗೂ ಒಳ್ಳೆಯ ಸಾಧನ.

ಆದರೆ ಆ ಅಂಕಗಳನ್ನು ಕೂಡಿಸಿ ಒಟ್ಟು ತೆಗೆಯಬೇಡಿ. ಅಂಕ 8 ಎಂದರೆ 4ರ ಎರಡು ಪಟ್ಟು ಹಾನಿ ಎಂದೇನಲ್ಲ, ಅದು ಸಾಲಿನಲ್ಲಿ ಮುಂದಿದೆ ಎಂದಷ್ಟೇ. ಒಟ್ಟು ಮಾಡಿದಾಗ 200 ಉದ್ಯೋಗದ ಲಾಭ ಒಂದು ಕುಡಿಯುವ ನೀರಿನ ಬಾವಿಯ ನಷ್ಟವನ್ನು ನುಂಗಿಹಾಕುತ್ತದೆ. ಉದ್ಯೋಗ ಒಬ್ಬರಿಗೆ, ಬಾವಿ ಇನ್ನೊಬ್ಬರದು. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಬೇರೆಯಾಗಿಯೇ ತೋರಿಸಿ.

‘ಮಾನದಂಡದೊಳಗಿದೆ’ ಎಂಬ ಮಾತಿಗೂ ಮಿತಿಯುಂಟು. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಾರ್ಗಸೂಚಿ 2005ರಲ್ಲಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಇತ್ತು, 2021ರಲ್ಲಿ 5ಕ್ಕೆ ಇಳಿಯಿತು. ಮೂವತ್ತು ವರ್ಷ ನಡೆಯುವ ಯೋಜನೆ ಇಂದಿನ ಮಿತಿಯ ಅಂಚಿನಲ್ಲಿ ನಿಂತಿದ್ದರೆ ಅದನ್ನು ವರದಿಯಲ್ಲಿ ಬಿಡಿಸಿ ಹೇಳಬೇಕು.

ಹಾನಿ ತಗ್ಗಿಸುವ ಕ್ರಮ

ಸರದಿ ಇದು: ಮೊದಲು ತಪ್ಪಿಸು, ಆಗದಿದ್ದರೆ ಕಡಿಮೆ ಮಾಡು, ಆದದ್ದನ್ನು ಸರಿಪಡಿಸು, ಉಳಿದದ್ದಕ್ಕೆ ಬೇರೆಡೆ ಪರಿಹಾರ ಕೊಡು. ನೇರವಾಗಿ ನಾಲ್ಕನೆಯದಕ್ಕೆ ಜಿಗಿಯುವ ವರದಿಗಳು ಬಹಳ. ಒಂದು ಮರಕ್ಕೆ ಹತ್ತು ಸಸಿ ಎಂದು ಬರೆದು ಮುಗಿಸುತ್ತಾರೆ. ನೂರು ವರ್ಷದ ಮರದ ಪೊಟರೆ ಸಸಿಯಲ್ಲಿ ಇರುವುದಿಲ್ಲ, ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ ಅಷ್ಟು ಕಾಲ ಕಾಯುವುದೂ ಇಲ್ಲ. ಸಸಿ ನೆಡುವುದಾದರೂ ಲೆಕ್ಕ ಇಡಬೇಕಾದದ್ದು ನೆಟ್ಟದ್ದನ್ನಲ್ಲ, ಐದನೇ ವರ್ಷಕ್ಕೆ ಬದುಕಿ ಉಳಿದದ್ದನ್ನು.

ಬರೆಯುವ ಭಾಷೆಯ ಮೇಲೆ ನಿಗಾ ಇರಲಿ. ‘ಸಾಧ್ಯವಾದಷ್ಟು ಮಟ್ಟಿಗೆ ಮಣ್ಣಿನ ಸವಕಳಿ ತಡೆಯಲಾಗುವುದು’ ಎಂಬ ಸಾಲನ್ನು ಗುತ್ತಿಗೆದಾರರಿಗೆ ಕೊಟ್ಟರೆ ಅವರು ಏನು ಮಾಡಬೇಕು? ಅದನ್ನೇ ಹೀಗೆ ಬರೆಯಿರಿ: ‘ಮೊದಲ ಮಳೆಗೆ ಮುನ್ನ ನಿವೇಶನದ ಇಳಿಜಾರಿನ ಅಂಚಿನುದ್ದಕ್ಕೂ ಹೂಳು ತಡೆಯುವ ಬಟ್ಟೆಯ ಬೇಲಿ ಹಾಕಬೇಕು. ಬಟ್ಟೆಯ ಬುಡ 15 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂತು ಮಣ್ಣು ದಮ್ಮಸು ಮಾಡಿರಬೇಕು. ಹೂಳು ಬೇಲಿಯ ಎತ್ತರದ ಮೂರನೇ ಒಂದು ಭಾಗ ತಲುಪಿದಾಗ ತೆಗೆಯಬೇಕು. ಪ್ರತಿ ಜೋರು ಮಳೆಯ ಮರುದಿನ ನಿವೇಶನದ ಎಂಜಿನಿಯರ್ ನೋಡಿ ಪುಸ್ತಕದಲ್ಲಿ ಬರೆಯಬೇಕು.’ ಬುಡ ಹೂಳದ ಬೇಲಿಯ ಅಡಿಯಿಂದಲೇ ಕೆಸರು ನುಗ್ಗಿ ಹೋಗುತ್ತದೆ, ದೂರದಿಂದ ನೋಡಿದರೆ ಮಾತ್ರ ಬೇಲಿ ಅಚ್ಚುಕಟ್ಟಾಗಿ ನಿಂತಿರುತ್ತದೆ. ಪ್ರತಿ ಕ್ರಮಕ್ಕೂ ಎಲ್ಲಿ, ಯಾವಾಗ, ಯಾರು, ಎಷ್ಟು ಹಣ, ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂಬುದು ಜೊತೆಗಿರಲಿ, ಮತ್ತು ಅದು ಗುತ್ತಿಗೆಯ ದರಪಟ್ಟಿಯೊಳಗೆ ಸೇರಲಿ. ದರಪಟ್ಟಿಯಲ್ಲಿ ಇಲ್ಲದ ಕ್ರಮ ನೆಲದ ಮೇಲೂ ಇರುವುದಿಲ್ಲ.

ತಗ್ಗಿಸುವ ಕ್ರಮವೇ ಹೊಸ ತೊಂದರೆ ತರುವುದೂ ಉಂಟು. ಮಳೆ ನೀರಿನ ಕೊಳದಲ್ಲಿ ನೀರು ದಿನಗಟ್ಟಲೆ ನಿಂತರೆ ಸೊಳ್ಳೆ, ಶುದ್ಧೀಕರಣ ಘಟಕದಿಂದ ದಿನವೂ ಹೊರಬರುವ ಕೆಸರು. ರಸ್ತೆಯಡಿಯ ಮೋರಿ ಪೈಪಿನ ಕೆಳತುದಿ ಹಳ್ಳದ ತಳಕ್ಕಿಂತ ಎರಡು ಅಡಿ ಮೇಲಿದ್ದರೆ ನೀರು ಸರಾಗವಾಗಿ ಇಳಿಯುತ್ತದೆ, ಮೀನು ಮಾತ್ರ ಮೇಲೆ ಹತ್ತಲಾರದು. ಪೈಪಿನ ತಳವನ್ನು ಹಳ್ಳದ ತಳಕ್ಕಿಂತ ಕೆಳಗೆ ಹೂತು, ಒಳಗೆ ಮರಳು ಕಲ್ಲು ಕೂರುವಂತೆ ಬಿಟ್ಟರೆ ಈ ತೊಂದರೆಯೇ ಇಲ್ಲ.

ಜನರ ಮುಂದೆ ಇಡುವುದು

ಸಾರಾಂಶ ಸ್ಥಳೀಯ ಭಾಷೆಯಲ್ಲಿ, ತಾಂತ್ರಿಕ ಪದಗಳಿಲ್ಲದೆ, ಇಪ್ಪತ್ತು ಪುಟ ಮೀರದಂತೆ ಇರಲಿ. ನಕ್ಷೆಯಲ್ಲಿ ಪ್ರತಿ ಮನೆ, ಬಾವಿ, ದೇಗುಲ, ಕಾಲುದಾರಿ ಗುರುತಾಗಿರಲಿ, ತಮ್ಮ ಮನೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವಂತಾದಾಗ ಮಾತ್ರ ಜನ ಯೋಜನೆಯ ಬಗ್ಗೆ ಖಚಿತವಾಗಿ ಮಾತಾಡುತ್ತಾರೆ. ಅಹವಾಲು ಸಭೆ ಕೂಲಿಗೆ ಹೋಗುವವರಿಗೂ ಹೆಂಗಸರಿಗೂ ಬಿಡುವಿರುವ ಹೊತ್ತಿನಲ್ಲಿ ನಡೆಯಲಿ. ಬಂದ ಪ್ರತಿ ಆಕ್ಷೇಪಕ್ಕೂ ಪಟ್ಟಿಯಲ್ಲಿ ಒಂದು ಸಾಲು: ಏನು ಹೇಳಿದರು, ವರದಿಯಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ಏಕೆ.

ಬೇರೆಯವರ ವರದಿ ಕೈಗೆ ಬಂದರೆ

ಮುಖ್ಯ ಪಠ್ಯ ಬಿಟ್ಟು ಅನುಬಂಧದಿಂದ ಓದಲು ಶುರುಮಾಡಿ. ಸ್ಯಾಂಪಲ್ ತೆಗೆದ ದಿನಾಂಕಗಳು ಎಷ್ಟು ಋತುಗಳನ್ನು ಮುಟ್ಟಿವೆ? ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಲ್ಲಿ ಹಾಕಿದರೆ ಬಿಂದುಗಳು ಹಳ್ಳದ ಮೇಲೇ ಬೀಳುತ್ತವೆಯೇ, ಅಥವಾ ಹೊಲದ ನಡುವೆಯೇ? ಪ್ರಭೇದಗಳ ಪಟ್ಟಿಯಲ್ಲಿ ಆ ಹವಾಗುಣದಲ್ಲಿ ಬದುಕದ ಪ್ರಾಣಿ ಇದ್ದರೆ ಅದು ಬೇರೆ ವರದಿಯಿಂದ ನಕಲಾಗಿದೆ. ನಾಲ್ಕು ಬಿಂದುಗಳ ಅಂಕಿಗಳು ದಶಮಾಂಶದವರೆಗೂ ಒಂದೇ ಇದ್ದರೆ ಮೂಲ ಪ್ರಯೋಗಾಲಯದ ವರದಿ ಕೇಳಿ, ನಿಸರ್ಗದಲ್ಲಿ ಹಾಗೆ ಇರುವುದಿಲ್ಲ. ಆಮೇಲೆ ಕೊಳಚೆ ನೀರಿನ ಮಿಶ್ರಣದ ಲೆಕ್ಕವನ್ನು ಬೇಸಿಗೆಯ ಹರಿವು ಹಾಕಿ ನೀವೇ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ಕಟ್ಟಿದ ಮೇಲೆ

ಒಪ್ಪಿಗೆ ಸಿಕ್ಕ ದಿನ ಹೆಚ್ಚಿನವರು ಕಡತ ಮುಚ್ಚುತ್ತಾರೆ. ಮುನ್ನಂದಾಜಿನ ನಿಜವಾದ ಪರೀಕ್ಷೆ ಶುರುವಾಗುವುದು ಅಂದಿನಿಂದ. ಬೇಸ್‌ಲೈನ್‌ನಲ್ಲಿ ಅಳೆದ ಅದೇ ಬಿಂದುಗಳಲ್ಲಿ, ಅದೇ ವಿಧಾನದಲ್ಲಿ, ಅದೇ ಋತುಗಳಲ್ಲಿ ಅಳೆಯಿರಿ. ಹೋಲಿಕೆಯ ಬಿಂದು ಏಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಕೆಳಗಿನ ಬಿಂದುವಿನಲ್ಲಿ ನೀರಿನ ಕದಡು 12ರಿಂದ 30ಕ್ಕೆ ಏರಿತು ಎಂದುಕೊಳ್ಳಿ, ಏರಿದ್ದು 18. ಆದರೆ ಯೋಜನೆಯ ಸೋಂಕಿಲ್ಲದ ಮೇಲಿನ ಬಿಂದುವಿನಲ್ಲೂ 10 ಇದ್ದದ್ದು 26 ಆಗಿದೆ, ಏರಿದ್ದು 16. ಆ ವರ್ಷ ಮಳೆಯೇ ಜೋರಿತ್ತು, ಯೋಜನೆಯ ಪಾಲು 2 ಮಾತ್ರ. ಮೇಲಿನ ಬಿಂದುವಿನಲ್ಲಿ ಏನೂ ಏರದೆ ಇದ್ದಿದ್ದರೆ ಇಡೀ 18 ಯೋಜನೆಯ ತಲೆಗೆ ಬರುತ್ತಿತ್ತು. ಮೊದಲು ಮತ್ತು ಆಮೇಲೆ, ಮೇಲೆ ಮತ್ತು ಕೆಳಗೆ, ಈ ನಾಲ್ಕು ಅಂಕಿಗಳಿಲ್ಲದೆ ಯಾರ ಪಾಲೆಷ್ಟು ಎಂದು ಹೇಳಲಾಗದು.

ಪ್ರತಿ ಅಳತೆಗೂ ಎರಡು ಗೆರೆ ಮೊದಲೇ ಹಾಕಿಡಿ. ಒಂದನ್ನು ದಾಟಿದರೆ ಕಾರಣ ಹುಡುಕಬೇಕು, ಇನ್ನೊಂದನ್ನು ದಾಟಿದರೆ ಕೆಲಸ ನಿಲ್ಲಿಸಬೇಕು. ನಮ್ಮ ಉದಾಹರಣೆಯ ಹಳ್ಳದಲ್ಲಿ ಬೆಳಗಿನ ಜಾವದ ಆಮ್ಲಜನಕ 5 ಮಿ.ಗ್ರಾಂಗೆ ಇಳಿದರೆ ಅದೇ ದಿನ ಶುದ್ಧೀಕರಣ ಘಟಕದ ತಪಾಸಣೆ, 4ಕ್ಕೆ ಇಳಿದರೆ ಹಳ್ಳಕ್ಕೆ ನೀರು ಬಿಡುವುದು ಬಂದ್, ನೀರೆಲ್ಲ ತುರ್ತು ತೊಟ್ಟಿಗೆ. ಸೆಕೆಂಡಿಗೆ 20 ಲೀಟರ್ ಎಂದರೆ ದಿನಕ್ಕೆ 1,728 ಘನ ಮೀಟರ್. ಆ ತೊಟ್ಟಿ ಒಂದು ದಿನದ ನೀರನ್ನಾದರೂ ಹಿಡಿಯುವಷ್ಟು ದೊಡ್ಡದಿದೆಯೇ ಎಂದು ನಕ್ಷೆಗೆ ಸಹಿ ಬೀಳುವ ಮುಂಚೆ ನೋಡಿ.